ಹೊಳೆಹಕ್ಕಿ ಮೊಟ್ಟೆ ಇಟ್ಟ ಉಸುಕು

ಬಡೇಬೀ ಒಂದೆಡೆ ಕೂತು ಉಂಡದ್ದನ್ನು ಕಂಡವರು ಕಡಿಮೆ. ರೊಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಬಳ್ಳಿಯಿಂದ ಬಳ್ಳಿಗೆ ನಡೆಯುತ್ತ, ಎಲೆ ಮಗುಚಿ ಹುಳ ನೋಡುತ್ತ, ನಡುನಡುವೆ ಒಂದು ತುತ್ತು ಮುರಿದು ಬಾಯಿಗಿಡುತ್ತ ಊಟ ಮುಗಿಸುತ್ತಿದ್ದಳು. ಮಳೆಗಾಲದಲ್ಲಿ ರಾಯಚೂರಿನ ತೀನ್ ಕಂದೀಲು ಚೌಕದ ಹಿಂದಿನ ಓಣಿಯಲ್ಲಿ, ಬಾಡಿಗೆಯ ಕೋಣೆಯಲ್ಲಿದ್ದಾಗಲೂ ಹಾಗೆಯೇ. ಹೊಸ್ತಿಲಿನಿಂದ ಒಲೆಗೆ, ಒಲೆಯಿಂದ ಹೊಸ್ತಿಲಿಗೆ.

“ನಿನ್ನ ಕಾಲಾಗ ಹೊಳಿ ಹರೀತದ,” ಎನ್ನುತ್ತಿದ್ದ ಗಂಡ ಇಮಾಮಹುಸೇನ.

“ಹರೀಲಿ ಬಿಡ್ರಿ. ನಿಂತ ನೀರಾಗ ಸೊಳ್ಳಿ ಆಗತಾವ,” ಎನ್ನುತ್ತಿದ್ದಳು ಬಡೇಬೀ.

ದೇವದುರ್ಗದ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ. ಘಟ್ಟದ ಮಳೆಯನ್ನು, ಘಟಪ್ರಭೆ ಮಲಪ್ರಭೆಯರ ನೀರನ್ನು, ದಾರಿಯುದ್ದದ ಹೊಲಗಳ ಮಣ್ಣನ್ನು ಹೊತ್ತು ಬಂದು, ಬಂಡೆಗಳ ನಡುವೆ ಕವಲಾಗಿ, ಮತ್ತೆ ಕೂಡಿ, ಈ ಭಾಗಕ್ಕೆ ಬರುವಷ್ಟರಲ್ಲಿ ಅಗಲವಾಗಿ ಬಿಡುತ್ತಾಳೆ. ಶ್ರಾವಣದಲ್ಲಿ ಆಚೆ ದಂಡೆ ಕಾಣದು. ದೀಪಾವಳಿ ಕಳೆದ ಮೇಲೆ ಇಳಿಯತೊಡಗಿ, ಎಳ್ಳಮಾಸಿಯ, ಎಳ್ಳು ಅಮಾವಾಸ್ಯೆಯ, ಹೊತ್ತಿಗೆ ಉಸುಕಿನ ಬೆನ್ನುಗಳು ಒಂದೊಂದಾಗಿ ಮೇಲೇಳುತ್ತವೆ. ಆ ಉಸುಕಿನಲ್ಲಿ ಕರಬೂಜ ಬೆಳೆಯುವುದು ಬಡೇಬೀಯ ಮನೆತನದ ಕಸುಬು. ಅವಳ ಅಜ್ಜಿ ನಿಜಾಮರ ಕಾಲದಲ್ಲಿ ಆಂಧ್ರದ ಕಡೆಯಿಂದ ಹೊರಟು, ಒಂದು ಬೇಸಿಗೆ ಒಂದು ದಿಣ್ಣೆ, ಇನ್ನೊಂದು ಬೇಸಿಗೆ ಇನ್ನೊಂದು ದಿಣ್ಣೆ ಎಂದು ಹೊಳೆಯ ಎದುರಿಗೆ ನಡೆಯುತ್ತ ಇಲ್ಲಿಗೆ ಬಂದು ಮುಟ್ಟಿದವಳು.

ಉಸುಕು ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಹೋದ ಸಲ ಗುಡಿಸಲು ಹಾಕಿದ ಜಾಗದಲ್ಲಿ ಈ ಸಲ ಆಳದ ಮಡು. ಎಮ್ಮೆ ಮುಳುಗಿ ಸತ್ತ ಮಡುವಿನಲ್ಲಿ ಈಗ ಬಳ್ಳಿ ಹಬ್ಬಿ ಹೂ ಬಿಟ್ಟಿರುತ್ತದೆ. ಕುಣಿ ತೋಡಿದರೆ ಪಟ್ಟೆಪಟ್ಟೆಯ ಹರಳುಗಳು ಸಿಗುತ್ತವೆ, ಗಡಿಗೆಯ ಚೂರು ಸಿಗುತ್ತವೆ, ಅಂಚು ಸವೆದ ತಾಮ್ರದ ದುಡ್ಡು ಸಿಗುತ್ತದೆ. ಒಮ್ಮೆ ಅರ್ಧ ಮುರಿದ ಒಳ್ಳುಗಲ್ಲು ಸಿಕ್ಕಿತ್ತು. ಯಾವ ಊರಿನ ಯಾರ ಅಡುಗೆಮನೆಯದೋ, ಯಾವ ಮಹಾಪೂರದಲ್ಲಿ ಕೊಚ್ಚಿ ಬಂದಿತ್ತೋ. ಬಡೇಬೀ ಅದರಲ್ಲೇ ಮೆಣಸಿನಕಾಯಿ ಅರೆಯುತ್ತಿದ್ದಳು.

ಬಿತ್ತನೆ ಎರಡು ಸಲ. ಮೊದಲನೆಯದು ದಂಡೆಗೆ ಹತ್ತಿರದ ಎತ್ತರದ ಉಸುಕಿನಲ್ಲಿ, ಸಂಕ್ರಾಂತಿಯ ಆಸುಪಾಸು. ಎರಡನೆಯದು ಹೊಳೆಯ ನಡುವಿನ ತಗ್ಗಿನ ದಿಣ್ಣೆಯಲ್ಲಿ, ಶಿವರಾತ್ರಿಯ ಹೊತ್ತಿಗೆ. ತಗ್ಗಿನ ಉಸುಕಿನಲ್ಲಿ ಮೊಳಕೈ ಆಳಕ್ಕೆ ತಂಪು ಸಿಗುವುದರಿಂದ ಅಲ್ಲಿಯ ಹಣ್ಣೇ ಹೆಚ್ಚು ಸಿಹಿ. ಆದರೆ ಹೊಳೆ ಅಲ್ಲಿಗೆ ಮತ್ತೆ ಏರಿ ಬರುವುದಿಲ್ಲವೆಂದು ಹೇಳುವವರು ಯಾರು? ಅದನ್ನು ಹಕ್ಕಿ ಹೇಳುತ್ತಿತ್ತು. ಕರಿಯ ತಲೆ, ಹಳದಿ ಕೊಕ್ಕು, ಕವಲೊಡೆದ ಬಾಲದ ಹೊಳೆಹಕ್ಕಿಗಳು ಆ ದಿನಗಳಲ್ಲಿ ಬಂದು, ಗೂಡು ಕಟ್ಟದೆ, ಬರಿಯ ಉಸುಕನ್ನು ಎದೆಯಿಂದ ಒತ್ತಿ ತಗ್ಗು ಮಾಡಿ ಮೊಟ್ಟೆ ಇಡುತ್ತವೆ. ಹಕ್ಕಿ ಮೊಟ್ಟೆ ಇಟ್ಟ ದಿಣ್ಣೆಗೆ ಮಿರಗದ ಮಳೆಯವರೆಗೂ, ಅಂದರೆ ಮಳೆಗಾಲ ಹಿಡಿಯುವವರೆಗೂ, ನೀರು ಏರುವುದಿಲ್ಲ ಎಂದು ಬಡೇಬೀಯ ತಾಯಿ ಹೀರಾಬಿ ನಂಬಿದ್ದಳು, ಅವಳ ತಾಯಿಯೂ ನಂಬಿದ್ದಳು. ಆ ನಂಬಿಕೆ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಹೀರಾಬಿಯದೇ. ರಾಯಚೂರಿನ ಬಜಾರಿನಲ್ಲಿ ಅವರು ಇಡೀ ಹಣ್ಣನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗಿರಾಕಿಯ ಎದುರಿಗೇ ಕೊಯ್ದು, ಬೀಜವನ್ನು ಬೆರಳಿನಿಂದ ಬೋಗುಣಿಗೆ ತೆಗೆದು, ತಿರುಳನ್ನಷ್ಟೇ ಮುತ್ತುಗದ ಎಲೆಯಲ್ಲಿ ಇಟ್ಟುಕೊಡುತ್ತಿದ್ದರು.

“ಇದೇನಬೇ, ಪೂರಾ ಹಣ್ಣಿಗಿ ರೊಕ್ಕ ತಗೊಂಡು ಹೊಟ್ಟೀನ ಖಾಲಿ ಮಾಡಿ ಕೊಡತೀರಿ?” ಎಂದು ಯಾರಾದರೂ ಕೆಣಕಿದರೆ, ಹೀರಾಬಿ ಕತ್ತಿ ಒರೆಸುತ್ತ, “ಹಣ್ಣು ಮಾರತೀವ್ರಿ. ತವರಮನಿ ಮಾರಂಗಿಲ್ಲ,” ಎನ್ನುತ್ತಿದ್ದಳು. ಆ ಹಣ್ಣಿಗೆ ಹಸಿರು ಗೀರಿನ ತೆಳು ಹಳದಿ ಸಿಪ್ಪೆ, ಒಳಗೆ ಬೆಣ್ಣೆಯ ಬಣ್ಣದ ತಿರುಳು. ಕೊಯ್ದರೆ ಓಣಿಯ ತುದಿಯವರೆಗೂ ಪರಿಮಳ. ಬೀಜ ಮನೆಯೊಳಗೇ ಉಳಿಯಿತು. ಒಣಗಿದ ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟ ಬೀಜವನ್ನು ಹೀರಾಬಿ ಸಾಯುವ ಮುನ್ನ ಮಗಳ ಉಡಿಗೆ ಹಾಕಿದಳು. ಅದು ಎಪ್ಪತ್ತೆರಡರ ಸುಮಾರಿಗೆ.

ಬಿತ್ತುವ ಮೊದಲು ಬೀಜ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹೆಂಗಸರು ಸೀರೆಯ ನೆರಿಗೆಯೊಳಗೆ ಹೊಟ್ಟೆಗೆ ಒತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಚಳಿಯ ದಿನಗಳಲ್ಲಿ ಮೈಯ ಕಾವಿಗೇ ಅದು ಮೊಳಕೆಯೊಡೆಯಬೇಕು. ಒಂದೆಡೆ ಕೂಡದ ಬಡೇಬೀ ಆ ಎರಡು ಮೂರು ದಿನ ಮಾತ್ರ ಮೆಲ್ಲಗೆ ನಡೆಯುತ್ತಿದ್ದಳು.

ಇಮಾಮಹುಸೇನನಿಗೆ ಹೊಳೆಯ ಮೇಲೆ ಅಂಥ ಮೋಹವಿರಲಿಲ್ಲ. ಕೊಡ ಹೊತ್ತು ಕುಣಿಕುಣಿಗೆ ನೀರು ಹನಿಸಿ ಅವನ ಮೊಣಕಾಲು ಸವೆದಿದ್ದವು. ಮಗಳು ಕಮರುನ್ನೀಸಾಳನ್ನು ಕವಿತಾಳಕ್ಕೆ ಕೊಟ್ಟ ಮೇಲೆ ಅವನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಹಿಡಿದ. ತುಂಗಭದ್ರೆಯ ಕಾಲುವೆ ಬಂದು ಮಾನ್ವಿಯ ಸುತ್ತ ಭತ್ತದ ಸೀಮೆಯಾಗಿತ್ತು. ಗಿರಣಿಯ ಹಿಂದೆ ಇರಲು ಕೋಣೆ ಕೊಟ್ಟಿದ್ದರು. ಒಂದು ಬೇಸಿಗೆ ಅವನು ಹೋಗುವಾಗ ಗಿರಣಿ ಮಾಲೀಕರ ಮನೆಗೆಂದು ಎರಡು ಇಡೀ ಹಣ್ಣು ಒಯ್ದ. ಮಾಲೀಕರ ಹೆಂಡತಿ ಶಿವಬಸಮ್ಮನ ಮುಂದೆ ಬೀಜ ವಾಪಸು ಕೇಳಲು ನಾಚಿಕೆಯಾಗಿ ಸುಮ್ಮನೆ ಬಂದುಬಿಟ್ಟ. ಬಡೇಬೀ ಬಹಳ ದಿನ ಅವನೊಡನೆ ಮಾತಾಡಲಿಲ್ಲ.

“ತಿಂದು ಬೀಜ ತಿಪ್ಪಿಗಿ ಒಗದಿರತಾರ ಬಿಡು, ದೊಡ್ಡ ಮಂದಿ,” ಎಂದು ಕಡೆಗೊಂದು ದಿನ ಅವನು ಸಮಾಧಾನ ಹೇಳಿದ.

“ನಮ್ಮವ್ವನ್ನ ತಿಪ್ಪಿಗಿ ಒಗದು ಬಂದೀನಿ ಅನ್ರಿ, ಅದನ್ನೂ ಕೇಳತೀನಿ,” ಎಂದು ಅವಳು ಅತ್ತಳು.

ಎಂಬತ್ತರ ದಶಕ ಕಾಲಿಟ್ಟಾಗ ಹೊಳೆಯ ಮೇಲುಗಡೆ ಎಲ್ಲೋ ಒಂದು ಆಣೆಕಟ್ಟು ಎದ್ದಿತು. ಅದರ ಸುದ್ದಿ ಇಲ್ಲಿಗೆ ಮೊದಲು ತಲುಪಿದ್ದು ಉಸುಕಿನಲ್ಲಿ. ಮಳೆಗಾಲ ಕಳೆದು ನೀರು ಇಳಿದಾಗ ದಂಡೆಯ ಎತ್ತರದ ಭಾಗದಲ್ಲಿ ಹೊಳೆ ಉಸುಕು ಬಿಟ್ಟಿರಲಿಲ್ಲ. ಬರೀ ನೊರಜುಗಲ್ಲು ಬಿಟ್ಟು ಹೋಗಿತ್ತು. ಮೊದಲ ಬಿತ್ತನೆಗೆ ಜಾಗವೇ ಇಲ್ಲ. ಇಮಾಮಹುಸೇನ ಮಾನ್ವಿಯಿಂದ ಬಂದವನು ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತ.

“ಸಾಕು ಮಾಡು ಬಡೇಬೀ. ಹೊಳೀನ ಹೇಳಾಕತ್ತದ, ಹೋಗ್ರಿ ಅಂತ. ಅಲ್ಲಿ ಇರಾಕ ಖೋಲಿ ಅದ, ನಳ ಅದ. ನಾ ಒಬ್ಬನ ರೊಟ್ಟಿ ಸುಟ್ಟುಕೊಂಡು ತಿನ್ನಾಕತ್ತೀನಿ.”

“ಕಾಲುವಿ ನೀರು ಕುಡದ್ರ ನನಗ ನಿದ್ದಿ ಬರಂಗಿಲ್ರಿ.”

“ಇಲ್ಲೇನು ಬರತದ? ನರಿ ಬಂತು, ಗಾಳಿ ಬಂತು ಅಂತ ಡಬ್ಬಿ ಬಡಕೋತ ಕೂಡತಿ.”

ಬಡೇಬೀ ಎದ್ದು ನಾಲ್ಕು ಹೆಜ್ಜೆ ನಡೆದಳು, ಮರಳಿ ಬಂದಳು. “ನಡುವಿನ ದಿಣ್ಣಿ ಅದ. ಹಕ್ಕಿ ಬರಲಿ, ಅಲ್ಲೇ ಹಾಕತೀನಿ. ಇದೊಂದು ಬ್ಯಾಸಗಿ ನೋಡ್ರಿ.”

ಇಮಾಮಹುಸೇನ ಮೊಣಕಾಲಿಗೆ ಕೈಯೂರಿ ಎದ್ದ. “ಆತು. ಹಣ್ಣು ಕೈಗಿ ಬಂದ್ರ ಗಿರಣಿ ಬಿಟ್ಟು ನಾನ ಬರತೀನಿ, ಮೊಣಕಾಲು ಹೋದ್ರ ಹೋಗಲಿ. ಬರಲಿಲ್ಲಂದ್ರ ನೀ ಗುಡಿಸಲ ಕಿತ್ತು ಮಾನ್ವಿಗಿ ಬರಬೇಕು. ಆಮ್ಯಾಲ ಹೊಳಿ ಅಂತ ಬಾಯಿ ತೆಗೀಬಾರದು.”

“ಆತು,” ಎಂದಳು.

ಹಕ್ಕಿಗಳು ಬಂದವು. ಆ ವರ್ಷ ಎಂದಿಗಿಂತ ತಗ್ಗಿನಲ್ಲಿ, ನೀರಿನ ಅಂಚಿಗೆ ಎಂಬಷ್ಟು ಹತ್ತಿರ ಮೊಟ್ಟೆ ಇಟ್ಟವು. ಕಂದು ಚುಕ್ಕೆಯ ಮೊಟ್ಟೆಗಳನ್ನು ಕಂಡು ಬಡೇಬೀಯ ಎದೆ ಹಗುರಾಯಿತು. ಕುಣಿ ತೋಡಿ, ಕುರಿಗೊಬ್ಬರ ಹಾಕಿ, ಹೊಟ್ಟೆಯ ಕಾವಿನ ಬೀಜವನ್ನು ಇಳಿಸಿದಳು. ಅರ್ಧ ಬೀಜವನ್ನು ಇಲಿ ತಿಂದವು. ಸೋರೆಬುರುಡೆಯ ತಳದಲ್ಲಿ ತಾಯಿ ಕಲಿಸಿದಂತೆ ಯಾವಾಗಲೂ ಉಳಿಸಿಕೊಳ್ಳುತ್ತಿದ್ದ ಹಿಡಿ ಬೀಜ ಇತ್ತು. ಅದನ್ನು ಮುಟ್ಟಬಾರದೆಂದು ಒಂದು ದಿನ ಇಡೀ ಗುಡಿಸಲಿನ ಸುತ್ತ ತಿರುಗಿದಳು. ಸಂಜೆಯ ಹೊತ್ತಿಗೆ ಅದನ್ನೂ ನೆನೆಹಾಕಿದಳು. ಖಾಲಿ ಬುರುಡೆಯನ್ನು ಗುಡಿಸಲ ಕಂಬಕ್ಕೆ ತೂಗುಹಾಕಿದಳು. ಗಾಳಿ ಬಂದಾಗಲೆಲ್ಲ ಅದು ಕಂಬಕ್ಕೆ ಬಡಿದು ಟಕ್ ಎನ್ನುತ್ತಿತ್ತು. ಅದು ಟಕ್ ಎಂದಾಗಲೆಲ್ಲ ಅವಳು ಎದ್ದು ಬಳ್ಳಿ ನೋಡಲು ಹೋಗುತ್ತಿದ್ದಳು.

ಬಳ್ಳಿ ಹಬ್ಬಿತು, ಹೂ ಕಾಯಾಯಿತು. ಕಾಯಿ ಮುಷ್ಟಿಗಿಂತ ದೊಡ್ಡದಾಗಿ, ಇನ್ನೂ ಹಸಿರು ಬಿಡದಿದ್ದ ದಿನಗಳಲ್ಲಿ ಊರಿನಲ್ಲಿ ಡಂಗುರ ಹೊಡೆದರು. ಮೇಲಿನಿಂದ ನೀರು ಬಿಡುತ್ತಾರಂತೆ, ಯಾರೂ ಹೊಳೆಗೆ ಇಳಿಯಬಾರದಂತೆ. ಸುದ್ದಿ ತಂದವನು ಗಡಿಗೆಪ್ಪ. ಹರಗೋಲು ಹಾಕಿ ಮೀನು ಹಿಡಿಯುವ ಅಂಬಿಗ, ಬಡೇಬೀಯ ಬೇಸಿಗೆಯ ನೆರೆಯವನು.

“ಯಕ್ಕಾ, ಗಂಟು ಕಟ್ಟು.”

“ಬ್ಯಾಸಗ್ಯಾಗ ಎಲ್ಲಿ ನೀರೋ? ಆ ಡಂಗುರದವಗ ಮೊನ್ನಿ ಹಣ್ಣು ಕೊಡಲಿಲ್ಲಂತ ಸಿಟ್ಟು. ಹೆದರಸಾಕತ್ತಾನ.”

“ಕಾಯಿ ಇನ್ನಾ ಹಸೀ ಅದಾವ, ಎಲ್ಲಿ ಹಣ್ಣು ಕೊಡತಿದ್ದಿ? ಸರಕಾರದವರು ಹೇಳಾಕತ್ತಾರಬೇ.”

ಬಡೇಬೀ ದಿಣ್ಣೆಯ ತುದಿಗೆ ಕೈ ತೋರಿಸಿದಳು. ತಡವಾಗಿ ಮೊಟ್ಟೆ ಇಟ್ಟ ಹಕ್ಕಿಗಳು ಬಿಸಿಲಿಗೆ ರೆಕ್ಕೆ ಅರೆಬಿಚ್ಚಿ ಅವುಗಳ ಮೇಲೆ ಇನ್ನೂ ಕೂತಿದ್ದವು. “ನೀರು ಬರೂದಿದ್ರ ಅವು ಅಲ್ಲಿ ಕುಂದರತಿದ್ವೇನು? ನೀನಾ ಹೇಳು, ಅಂಬಿಗರ ಮಗ.”

ಗಡಿಗೆಪ್ಪ ತಲೆ ಕೆರೆದುಕೊಂಡ. ಅವನೂ ಹೊಳೆಯಲ್ಲೇ ಬೆಳೆದವನು. ಡಂಗುರವನ್ನು ನಂಬಬೇಕೋ ಹಕ್ಕಿಯನ್ನು ನಂಬಬೇಕೋ ಅವನಿಗೂ ತಿಳಿಯಲಿಲ್ಲ. “ಅದೂ ಖರೇನ ಅದ,” ಎಂದು ಹೋದ.

ಮರುದಿನ ಮಧ್ಯಾಹ್ನ ಬಡೇಬೀ ಒಂದು ಕುಣಿಗೆ ನೀರು ಹನಿಸಲು ಬಾಗಿದಾಗ ಕುಣಿಯಲ್ಲಿ ಆಗಲೇ ನೀರಿತ್ತು. ಪಕ್ಕದ ಕುಣಿಯಲ್ಲೂ ಇತ್ತು. ಭೋರ್ಗರೆತವಿಲ್ಲ, ನೊರೆಯಿಲ್ಲ. ಕಾಲ ಕೆಳಗಿನ ಉಸುಕು ಸದ್ದಿಲ್ಲದೆ ಕಪ್ಪಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಹೊಳೆ ಹತ್ತಿರ ಬಂದಿದೆ. ಅವಳನ್ನು ಹೆದರಿಸಿದ್ದು ನೀರಿನ ಬಣ್ಣ. ಮಳೆಯ ಹೊಸ ನೀರು ಕೆಂಪಗಿರುತ್ತದೆ, ಕಸಕಡ್ಡಿ ಹೊತ್ತು ತರುತ್ತದೆ, ಎಲ್ಲಿಂದ ಬಂದೆನೆಂದು ಮೈಮೇಲೆಯೇ ಬರೆದುಕೊಂಡು ಬರುತ್ತದೆ. ಈ ನೀರು ತಿಳಿಯಾಗಿತ್ತು, ತಣ್ಣಗಿತ್ತು. ಯಾವ ಊರಿನ ಮಣ್ಣಿನ ಗುರುತೂ ಅದಕ್ಕಿರಲಿಲ್ಲ. ಇಷ್ಟು ವರ್ಷ ಹೊಳೆಯ ಜತೆ ಬಾಳಿದ ಅವಳಿಗೆ ಅದು ಪರಿಚಯವಿಲ್ಲದ ನೀರು.

ಹಕ್ಕಿಗಳು ಎದ್ದವು. ಒಂದೇ ಸಮನೆ ಚೀರುತ್ತ ತಲೆಯ ಮೇಲೆ ಸುತ್ತಿದವು, ಮತ್ತೆ ಇಳಿದು ಒದ್ದೆ ಉಸುಕಿನ ಮೇಲೇ ಕೂತವು, ಮತ್ತೆ ಎದ್ದವು. ಬಡೇಬೀ ಕಾಯಿ ಕೀಳತೊಡಗಿದಳು. ಕಿತ್ತು ಉಡಿಗೆ ತುಂಬಿದಳು. ಉಡಿ ತುಂಬಿ ಚೆಲ್ಲಿದವು ನೀರಿನಲ್ಲಿ ತೇಲಿದವು. ಗಡಿಗೆಪ್ಪನ ಹರಗೋಲು ಬಂದಾಗ ನೀರು ಅವಳ ಸೊಂಟಕ್ಕಿತ್ತು.

“ಹತ್ತಬೇ!”

“ಆ ಸಾಲು ಒಂದು ಕಿತ್ತು…”

“ಹುಚ್ಚಿ, ಹತ್ತು ಅಂದ್ರ!” ಅವನು ಅವಳ ರಟ್ಟೆ ಹಿಡಿದು ಎಳೆದ. ಹರಗೋಲು ವಾಲಿದಾಗ ಉಡಿಯ ಕಾಯಿಗಳೂ ಹೊಳೆಗೆ ಉರುಳಿದವು. ಸೋರೆಬುರುಡೆ ಗುಡಿಸಲ ಕಂಬದ ಜತೆ ತೇಲುತ್ತ ಹೋಯಿತು. ಅದಕ್ಕೂ ಮುಂದೆ ಚುಕ್ಕೆಯ ಮೊಟ್ಟೆಯೊಂದು ನೀರ ಮೇಲೆ ಮೆಲ್ಲಗೆ ತಿರುಗುತ್ತ ಹೋಗುವುದನ್ನು ಬಡೇಬೀ ಕಂಡಳು.

“ಅವಕ್ಕೂ ತಿಳೀಲಿಲ್ಲಲ್ಲೋ ಗಡಿಗೆಪ್ಪಾ,” ಎಂದಳು.

ಹೊಳೆಯ ಕೆಳಗಡೆ, ದೇವಸುಗೂರಿನ ದಂಡೆಗೆ ಹಸಿ ಕರಬೂಜ ತೇಲಿ ಬಂದಿವೆಯಂತೆ ಎಂಬ ಸುದ್ದಿ ಬಂತು. ಬಡೇಬೀ ದೇವದುರ್ಗದಲ್ಲಿ ಬಸ್ಸು ಹತ್ತಿ, ರಾಯಚೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ದೇವಸುಗೂರಿಗೆ ಹೋದಳು. ಸೀಟು ಸಿಕ್ಕರೂ ಕೂಡಲಿಲ್ಲ, ಕಂಬಿ ಹಿಡಿದು ನಿಂತೇ ಇದ್ದಳು. ದಂಡೆಯ ಕೆಸರಿನಲ್ಲಿ ಆಡುಗಳು ಕಾಯಿ ಮೆಲ್ಲುತ್ತಿದ್ದವು. ಆಡುಗಳನ್ನು ಅಟ್ಟಿ, ಒಂದನ್ನು ಕಲ್ಲಿಗೆ ಒಡೆದು ನೋಡಿದಳು. ಬೀಜ ಇತ್ತು. ಉಗುರಿನಿಂದ ಒತ್ತಿದರೆ ನೀರಾಗಿ ಹಿಚುಕಿಹೋಗುವ ಬಿಳಿಯ ಸಿಪ್ಪೆ, ಒಳಗೆ ಏನಿಲ್ಲ. ಇನ್ನೊಂದು ಒಡೆದಳು. ಮತ್ತೊಂದು. ಎಲ್ಲ ಒಡೆದ ಮೇಲೆ ಆಡುಗಳಿಗೆ ದಾರಿ ಬಿಟ್ಟಳು.

ಮಾತಿನಂತೆ ಅವಳು ಮಾನ್ವಿಗೆ ಹೋದಳು. ಇಮಾಮಹುಸೇನ ಗೆದ್ದವನಂತೆ ನಡೆದುಕೊಳ್ಳಲಿಲ್ಲ. ಬಸ್‌ ಸ್ಟ್ಯಾಂಡಿಗೆ ಬಂದು, ಅವಳ ಕೈಯಿಂದ ಗಂಟು ಇಸಿದುಕೊಂಡು, “ಚಾ ಕುಡೀತಿಯೇನು?” ಎಂದಷ್ಟೇ ಕೇಳಿದ. ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ಒಣಗಹಾಕುವ ಕೆಲಸ ಅವಳಿಗೂ ಸಿಕ್ಕಿತು. ಹದ ತಪ್ಪದಂತೆ ಕಾಲಿನಿಂದ ಗೀರುತ್ತ ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತಿರಬೇಕು. ಮೈಗೆ ಒಗ್ಗುವ ಕೆಲಸವೇ. ಆದರೆ ಬಿಡುವಾದಾಗಲೆಲ್ಲ ಕಾಲುವೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ಕಾಲುವೆ ನೆಟ್ಟಗೆ ಹರಿಯುತ್ತಿತ್ತು. ಬಿಟ್ಟಾಗ ಬರುತ್ತಿತ್ತು, ನಿಲ್ಲಿಸಿದಾಗ ನಿಲ್ಲುತ್ತಿತ್ತು. ತಿಳಿ ನೀರು. ಆ ಮಧ್ಯಾಹ್ನ ಬಂದ ನೀರಿನ ಬಣ್ಣವೇ. ಹೊಳೆಯ ಹೆಸರನ್ನು ಅವಳು ಎತ್ತಲಿಲ್ಲ. ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಅವಳು ರೊಟ್ಟಿಯನ್ನು ಕೂತು ತಿನ್ನತೊಡಗಿದ್ದನ್ನು ಕಂಡು ಇಮಾಮಹುಸೇನನಿಗೆ ಭಯವಾಯಿತು.

ಮುಂದಿನ ಬೇಸಿಗೆಗೆ ಶಿವಬಸಮ್ಮ ಮಲ್ಲಟದಲ್ಲಿದ್ದ ತಮ್ಮ ಹೊಲದ ಮನೆಗೆ ಕಾಳು ಹಸನು ಮಾಡಲು ಬಡೇಬೀಯನ್ನು ಕರೆದೊಯ್ದರು. ದನದ ಕೊಟ್ಟಿಗೆಯ ಹಿಂದೆ ಕಸ ಚೆಲ್ಲಲು ಹೋದ ಬಡೇಬೀ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳು. ತಿಪ್ಪೆಯ ಅಂಚಿನಿಂದ ಒಂದು ಬಳ್ಳಿ ಮುಳ್ಳುಬೇಲಿ ಹತ್ತಿತ್ತು. ಬೇಲಿಯ ಬುಡದಲ್ಲಿ ಹಸಿರು ಗೀರಿನ ಹಳದಿ ಹಣ್ಣು.

“ಅಮ್ಮಾರ, ಇದು ಎಲ್ಲೀದ್ರಿ?”

“ಅಯ್ಯ, ನಿನ್ನ ಗಂಡ ತಂದ ಹಣ್ಣಲ್ಲೇನು? ನಮ್ಮ ಮಾವನವರು ತಿಂದು ಬೀಜ ಇಲ್ಲಿ ಒಗದಿದ್ರು. ಆವಾಗಿಂದ ವರ್ಷಾ ತಾನ ಹುಟ್ಟತದ, ತಾನ ಒಣಗತದ. ಆದರ ಬಡೇಬೀ, ನಿಜಾ ಹೇಳಬೇಕಂದ್ರ ಮೊದಲಿನ ರುಚಿ ಇಲ್ಲ. ಬರೇ ಸೌತಿಕಾಯಿ ತಿಂದಂಗ ಅದ.”

ಬಡೇಬೀ ಅಲ್ಲೇ ಕೊಯ್ದು ಬಾಯಿಗಿಟ್ಟಳು. ಸಪ್ಪೆಯೇ. ಕರಿಮಣ್ಣು ಹಣ್ಣಿನೊಳಗೆ ನೀರು ತುಂಬಿತ್ತು, ಸಿಹಿ ತುಂಬಿರಲಿಲ್ಲ. ಆದರೆ ಮೂಗಿನ ಹತ್ತಿರ ಹಿಡಿದಾಗ ಬಹಳ ದೂರದಿಂದ ಬಂದ ಹಾಗೆ ಅದೇ ಪರಿಮಳ. ಬೀಜ ಗಟ್ಟಿಯಾಗಿತ್ತು. ಯಾವ ಬೀಜಕ್ಕಾಗಿ ಗಂಡನೊಡನೆ ಮಾತು ಬಿಟ್ಟಿದ್ದಳೋ ಆ ಬೀಜ. ಅವಳು ಅಳುವುದನ್ನೂ ನಗುವುದನ್ನೂ ಕಂಡು ಶಿವಬಸಮ್ಮ, “ಏನಾತಬೇ? ಹುಳ ಇತ್ತೇನು?” ಎಂದರು.

ಸಂಜೆ ಮಾನ್ವಿಯ ಕೋಣೆಯಲ್ಲಿ ಅವಳು ಗಂಡನ ಮುಂದೆ ಸೆರಗಿನ ಗಂಟು ಬಿಚ್ಚಿದಳು. ಇಮಾಮಹುಸೇನ ಬೀಜಗಳನ್ನು ಬೆರಳಿನಿಂದ ಸರಿಸಿ ನೋಡಿದ.

“ಬಾಯಿ ತೆಗೀಬಾರದು ಅಂದಿದ್ದೆ,” ಎಂದ.

“ತೆಗದಿಲ್ಲಲ್ರಿ.”

“ಅದಾ ಮತ್ತ. ಒಂದು ವರ್ಷ ಆತು, ನೀ ಸುಮ್ಮಕ ಕುಂತೀದಿ. ಮನ್ಯಾಗ ಯಾರೂ ಇಲ್ಲದಂಗ ಅದ.” ಅವನು ಗಂಟನ್ನು ಮತ್ತೆ ಕಟ್ಟಿ ಅವಳ ಕೈಗಿಟ್ಟ. “ನಾ ಬರಂಗಿಲ್ಲ, ನನ್ನ ಮೊಣಕಾಲು ಬರಂಗಿಲ್ಲ. ನೀ ಹೋಗು. ಮಳಿಗಾಲಕ್ಕ ಇಲ್ಲಿಗಿ ಬಾ. ಆದರ ನಡುವಿನ ದಿಣ್ಣಿ ನಕ್ಕೋ, ಬ್ಯಾಡಂದ್ರ ಬ್ಯಾಡ. ಅಲ್ಲಾನ ಆಣಿ.”

“ನಕ್ಕೋ,” ಎಂದು ಅವಳೂ ಅಂದಳು.

ಮಳೆಗಾಲವೊಂದು ಕಳೆದು, ಎಳ್ಳಮಾಸಿ ಮುಗಿದ ಮೇಲೆ ಅವಳು ಹೊಳೆಗೆ ಮರಳಿದಳು. ದಂಡೆಯ ನೊರಜುಗಲ್ಲು ಆರಿಸಿ ಬದಿಗೆ ಒಟ್ಟಿ, ಬುಟ್ಟಿಯಲ್ಲಿ ಉಸುಕು ಹೊತ್ತು ತಂದು ತುಂಬಿ, ಎತ್ತರದಲ್ಲಿ ಚಿಕ್ಕ ತುಂಡು ನೆಲ ಮಾಡಿಕೊಂಡಳು. ಸ್ವಲ್ಪ ಬೀಜವನ್ನು ಗಡಿಗೆಪ್ಪನಿಗೆ ಕೊಟ್ಟಳು. ಅವನು ಹಿಂದೆ ಸರಿದ. “ತವರಮನಿ ಕೊಡಾಕತ್ತೀಯಲ್ಲಬೇ!”

“ಒಂದಾ ಬುರುಡ್ಯಾಗ ಇಟ್ಟು ನೋಡಿನಲ್ಲ. ನೀನೂ ಹಾಕು. ನಿಮ್ಮ ಬೀಗರಿಗೂ ಕೊಡು. ಎಲ್ಲ್ಯಾರ ಒಂದು ಕಡಿ ಇರಲಿ.”

ಶಿವರಾತ್ರಿಯ ಹೊತ್ತಿಗೆ ಹಕ್ಕಿಗಳು ಬಂದವು. ನಡುವಿನ ದಿಣ್ಣೆಯ ತಗ್ಗಿನ ತುದಿಗೆ ಇಳಿದು ಎದೆಯಿಂದ ಉಸುಕು ಒತ್ತತೊಡಗಿದವು. ಎತ್ತರದಲ್ಲಿ ನಿಂತು ನೋಡುತ್ತಿದ್ದ ಬಡೇಬೀ ಗುಡಿಸಲಿಗೆ ಹೋಗಿ, ನರಿ ಓಡಿಸಲು ಇಟ್ಟಿದ್ದ ಎಣ್ಣೆಯ ತಗಡಿನ ಡಬ್ಬಿಯನ್ನೂ ಕೋಲನ್ನೂ ತಂದಳು. ಸೀರೆ ಎತ್ತಿಕಟ್ಟಿ ಕವಲು ದಾಟಿ ದಿಣ್ಣೆಯ ಮೇಲೆ ನಿಂತು ಡಬ್ಬಿ ಬಡಿದಳು. ಹಕ್ಕಿಗಳು ಚೀರಿ ಎದ್ದವು. ಅವಳ ತಲೆಯ ಮೇಲಕ್ಕೆ ಎರಗಿದವು, ಒಂದು ಸೆರಗಿಗೆ ಕೊಕ್ಕು ತಾಗಿಸಿ ಹೋಯಿತು.

ಹರಗೋಲಿನಿಂದ ಗಡಿಗೆಪ್ಪ ಕೂಗಿದ: “ಏನ್ ಬಂತಬೇ ನಿನಗ? ಹಕ್ಕಿ ಮ್ಯಾಲ ಸೇಡೇನು?”

“ಸೇಡೆಲ್ಲೋ? ಡಂಗುರ ಹೊಡದ್ರ ಇವಕ್ಕ ತಿಳೀತದೇನು?” ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. “ಮ್ಯಾಲ ಬಂಡಿಗಲ್ಲಿನ ಕಡಿ ಉಸುಕು ಅದ. ಅಲ್ಲಿ ಇಡಲಿ.”

“ನಿನ್ನ ಮಾತು ಕೇಳತಾವೇನು ಅವು?”

“ನಾ ಕೇಳಿದ್ನೇನು ನಿನ್ನ ಮಾತು?”

ಅವಳು ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಅವು ಎದ್ದು, ಸುತ್ತಿ, ಅವಳು ದಂಡೆಗೆ ಬಂದೊಡನೆ ಮತ್ತೆ ಅಲ್ಲೇ ಇಳಿಯುತ್ತಿದ್ದವು. ಅವುಗಳ ಅಜ್ಜಿಯರೂ ಅಲ್ಲೇ ಇಟ್ಟಿದ್ದರೇನೋ. ಕೆಲವು ಮಾತ್ರ ಬೇಸತ್ತು ಮೇಲಿನ ಬಂಡೆಗಳ ನಡುವಿನ ಒಣ ಉಸುಕಿಗೆ ಹೋದವು. ಉಳಿದವು ಹೋಗಲಿಲ್ಲ. ಬಡೇಬೀ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ರೊಟ್ಟಿ ಹಿಡಿದು, ದಿಣ್ಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಒಂದು ತುತ್ತು ಬಾಯಿಗಿಟ್ಟು, ಮತ್ತೆ ಬಡಿಯುತ್ತಿದ್ದಳು.